ಮಂಜಿನ ಮೇಲೆ ಬಿಳಿ ಅಕ್ಷರ: ಹೋಂಸ್ಟೇ ವೆಬ್‌ಸೈಟು ಚಂದವೂ ಇರಬೇಕು, ಸಲೀಸೂ ಆಗಬೇಕು

ಕೊಡಗಿನ ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಗೆ ನಾನು ಮಾಡಿಕೊಟ್ಟ ಮೊದಲ ವೆಬ್‌ಸೈಟು ನೋಡಲು ಬಹಳ ಚೆನ್ನಾಗಿತ್ತು. ಪರದೆ ತುಂಬ ತಡಿಯಂಡಮೋಳ್ ಬೆಟ್ಟದ ಮುಂಜಾವಿನ ಮಂಜು, ಅದರ ಮೇಲೆ ಕೂದಲೆಳೆಯಂಥ ಬಿಳಿ ಅಕ್ಷರದಲ್ಲಿ ಮನೆಯ ಹೆಸರು, ಮೂಲೆಯಲ್ಲಿ ಮೂರು ಗೆರೆಯ ಮೆನು. ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಮನೆಯವರೆಲ್ಲ ಖುಷಿಪಟ್ಟರು. ಎರಡು ದಿನ ಬಿಟ್ಟು ಆ ಮನೆಯ ಆಂಟಿ ಫೋನ್ ಮಾಡಿದರು. ಕಾಫಿ ಕಣದಲ್ಲಿ ನಿಂತು, ಮಧ್ಯಾಹ್ನದ ಬಿಸಿಲಿನಲ್ಲಿ ಮೊಬೈಲ್ ಹಿಡಿದು ನೋಡಿದ್ದರಂತೆ.

“ಫೋಟೋ ಏನೋ ಚೆನ್ನಾಗಿದೆ ಮಗ. ಅದ್ರ ಮೇಲೆ ಏನೋ ಬರ್ದಿದ್ದೀಯಲ್ಲ, ಅದೇನು?”

ಅವರು ಕೇಳಿದ್ದು ತಮ್ಮದೇ ಮನೆಯ ಹೆಸರನ್ನು.

ಆ ಸೀಸನ್ನಿನಲ್ಲಿ ಸೈಟು ನೋಡಿ ಫೋನ್ ಮಾಡಿದವರೆಲ್ಲರ ಮೊದಲ ಮಾತು “ರೇಟ್ ಎಷ್ಟು?” ರೇಟು ಸೈಟಿನಲ್ಲೇ ಇತ್ತು. ಮೂರು ಗೆರೆ ಒತ್ತಿ, ‘ಅನುಭವಗಳು’ ಅನ್ನುವ ಪುಟಕ್ಕೆ ಹೋಗಿ, ಅದರ ತಳ ಮುಟ್ಟಿದರೆ ಸಿಗುತ್ತಿತ್ತು. ತಪ್ಪು ಪೂರ್ತಿ ನನ್ನದು. ಅಲ್ಲಿಂದ ಈಚೆಗೆ ಸೈಟು ಮಾಡುವ ಕ್ರಮವನ್ನೇ ಬದಲಿಸಿಕೊಂಡೆ. ಅದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹೋಂಸ್ಟೇಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಕಾಫಿಪುಡಿ, ಕಾಳುಮೆಣಸು, ಜೇನು ಮಾರುವವರಿಗೂ ಬಹುಪಾಲು ಇದೇ ದಾರಿ.

ಚಂದ ಬೇಡವೇ ಬೇಡ, ಮಾಹಿತಿ ಇದ್ದರೆ ಸಾಕು ಅನ್ನುವವರ ಪಕ್ಷ ನಾನಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಒಂದು ಪುಟ ಚೆನ್ನಾಗಿದೆಯೋ ಇಲ್ಲವೋ ಎಂದು ಜನ 50 ಮಿಲಿಸೆಕೆಂಡಿನಲ್ಲೇ ಅಂದಾಜು ಮಾಡಿಬಿಡುತ್ತಾರೆ. ಅಂದರೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಅಷ್ಟರಲ್ಲಿ ಯಾರೂ ಏನನ್ನೂ ಓದಿರುವುದಿಲ್ಲ. ಹಾಗಾಗಿ ಚಂದ ಬೇಕೇ ಬೇಕು. ನನ್ನ ತಕರಾರು ಕೆಲಸವಿಲ್ಲದೆ ಕೂತ ಚಂದದ ಮೇಲೆ ಮಾತ್ರ. ಸೈಟಿನಲ್ಲಿರುವ ಪ್ರತಿ ಚಂದದ ಸಂಗತಿಗೂ ಒಂದೊಂದು ಕೆಲಸ ಹಚ್ಚಿ. ಕೆಲಸ ಹಚ್ಚಲು ಆಗದಿದ್ದರೆ ತೆಗೆದುಹಾಕಿ.

ಹಂತ 1: ಕಂಪ್ಯೂಟರ್ ಮುಚ್ಚಿ, ವಾಟ್ಸಾಪ್ ತೆರೆಯಿರಿ

ಕಳೆದ ಹದಿನೈದು ದಿನ ಬಂದ ಕರೆ, ಮೆಸೇಜುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾರು ಕೇಳಿದರು ಅನ್ನುವುದು ಬೇಡ, ಏನು ಕೇಳಿದರು ಅಷ್ಟೇ ಸಾಕು. ನಮ್ಮ ಕಡೆ ಪಟ್ಟಿ ಹೆಚ್ಚುಕಡಿಮೆ ಹೀಗೆ ಬರುತ್ತದೆ: ಬಾಡಿಗೆ ತಲೆಗೋ ರೂಮಿಗೋ? ಊಟ ಸೇರಿದೆಯಾ? ಪಂದಿಕರಿ ಇದೆಯಾ? ವೆಜ್‌ನವರಿಗೆ ಏನು ಕೊಡ್ತೀರಿ? ಕಾರು ಮನೆತನಕ ಬರುತ್ತಾ, ಇಲ್ಲಾ ಜೀಪು ಬೇಕಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತೆ? ಡ್ರೈವರ್ ಮಲಗೋಕೆ ಜಾಗ ಇದೆಯಾ? ಜಿಗಣೆ ಕಾಟ ಇದೆಯಾ? ಮಂಡಲಪಟ್ಟಿ ಅಲ್ಲಿಂದ ಎಷ್ಟು ದೂರ?

ಎಷ್ಟು ಸಲ ಬಂತು ಅನ್ನುವುದರ ಮೇಲೆ ಪ್ರಶ್ನೆಗಳಿಗೆ ನಂಬರ್ ಹಾಕಿ. ಮೊದಲ ನಾಲ್ಕರ ಉತ್ತರ ಮುಖಪುಟದಲ್ಲಿ ಇರಲೇಬೇಕು, ಅದೂ ಬೆರಳು ಎರಡು ಸಲ ಸರಿಸುವುದರೊಳಗೆ. ಡ್ರೈವರ್ ಪ್ರಶ್ನೆಯನ್ನು ಅನೇಕರು ಕಡೆಗಣಿಸುತ್ತಾರೆ. ಬೆಂಗಳೂರಿನಿಂದ ಬಾಡಿಗೆ ಗಾಡಿಯಲ್ಲಿ ಬರುವ ಕುಟುಂಬಕ್ಕೆ ಅದು ರೂಮಿನಷ್ಟೇ ದೊಡ್ಡ ವಿಷಯ. ಕೊಡಗಿನೊಳಕ್ಕೆ ರೈಲು ಇಲ್ಲ ಅನ್ನುವುದನ್ನು ಮರೆಯಬೇಡಿ.

ಹಂತ 2: ಬಣ್ಣವಿಲ್ಲದ ಕರಡು

ಈಗ ಪೆನ್ಸಿಲ್ ಹಿಡಿದು, ಮೊಬೈಲಿನ ಗಾತ್ರದ ಚೌಕ ಬರೆಯಿರಿ. ದೊಡ್ಡ ಪರದೆಯ ಯೋಚನೆ ಆಮೇಲೆ. ಚೌಕದೊಳಗೆ ಮೇಲಿನಿಂದ ಕೆಳಕ್ಕೆ ಏನೇನು ಬರುತ್ತದೆ ಎಂದು ಗೆರೆ ಎಳೆಯಿರಿ: ಹೆಸರು ಮತ್ತು ಊರು, ಒಂದು ಫೋಟೋ, ದರ, ರೂಮುಗಳು, ಊಟ, ದಾರಿ. ಫೋಟೋ ಇರುವಲ್ಲಿ ಬರೀ ಅಡ್ಡಗೀಟು ಹಾಕಿ. ಈ ಕರಡನ್ನು ತೋರಿಸಿದಾಗ ಎದುರಿನವರಿಗೆ ರೇಟು ಎಲ್ಲಿದೆ ಎಂದು ಗೊತ್ತಾಗದಿದ್ದರೆ, ಮುಂದೆ ಎಷ್ಟೇ ಬಣ್ಣ ಬಳಿದರೂ ಗೊತ್ತಾಗುವುದಿಲ್ಲ.

ಮೆನುವಿನಲ್ಲಿ ಐದಕ್ಕಿಂತ ಹೆಚ್ಚು ಪದ ಬೇಡ, ಇರುವವು ಆಡುಮಾತಿನಲ್ಲಿರಲಿ. ‘ನಮ್ಮ ಪಯಣ’, ‘ಹಸಿರ ಮಡಿಲು’ ಅಂತೆಲ್ಲ ಬರೆಯುವ ಆಸೆ ನನಗೂ ಇತ್ತು. ‘ರೂಮು ಮತ್ತು ದರ’, ‘ಊಟ’, ‘ಬರುವ ದಾರಿ’, ‘ಫೋಟೋ’ ಅಂದರೆ ಯಾರೂ ತಡವರಿಸುವುದಿಲ್ಲ. ನಾಲ್ಕೇ ಪದ ಇದ್ದರೆ ಅವನ್ನು ಮೂರು ಗೆರೆಯ ಹಿಂದೆ ಬಚ್ಚಿಡುವ ಅಗತ್ಯವೂ ಇಲ್ಲ.

‘ಕರೆ ಮಾಡಿ’, ‘ವಾಟ್ಸಾಪ್’ ಎರಡು ಬಟನ್ನುಗಳನ್ನು ಪರದೆಯ ತಳಕ್ಕೆ ಅಂಟಿಸಿಡಿ. ಒಂದೇ ಕೈಯಲ್ಲಿ ಮೊಬೈಲ್ ಹಿಡಿದವರ ಹೆಬ್ಬೆರಳು ಓಡಾಡುವುದೇ ಅಲ್ಲಿ. ದೊಡ್ಡದಾಗಿ, ಹತ್ತಿರದಲ್ಲಿ ಇರುವ ಗುರಿಯನ್ನು ಮುಟ್ಟುವುದು ಬೇಗ, ಸುಲಭ ಎಂದು ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಸೂತ್ರ ಬರೆದಿಟ್ಟಿದ್ದ. ಬಟನ್ನಿನ ಅಳತೆಗೆ ಮೂರು ಅಂಕಿ ನೆನಪಿರಲಿ: 2023ರ ವೆಬ್ ಸುಗಮ್ಯತೆಯ ಮಾನದಂಡ, ಅಂದರೆ ಡಬ್ಲ್ಯುಸಿಎಜಿ 2.2, ಕೇಳುವ ಕನಿಷ್ಠ ಗಾತ್ರ 24 ಪಿಕ್ಸೆಲ್; ಆ್ಯಪಲ್ ಹೇಳುವುದು 44, ಗೂಗಲ್ ಹೇಳುವುದು 48. ನಾನು 48ನ್ನೇ ಹಿಡಿಯುತ್ತೇನೆ. ಕಾಫಿ ಕುಯ್ದು ಒರಟಾದ ಬೆರಳಿಗೂ ಅದು ಸಿಗುತ್ತದೆ.

ಹಂತ 3: ಫೋಟೋ

ಕೊಡಗಿನ ಸೈಟುಗಳು ಗೆಲ್ಲುವುದೂ ಸೋಲುವುದೂ ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮಂಜು ಅಂದರೆ ತೆಳು ಬೂದು ಬಣ್ಣ. ಅದರ ಮೇಲೆ ಬಿಳಿ ಅಕ್ಷರ ಬರೆದರೆ ಎಷ್ಟು ಕಾಣುತ್ತದೆ ಎಂದು ಲೆಕ್ಕ ಹಾಕಬಹುದು. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು ಎಂದು ಅದೇ ಮಾನದಂಡ ಹೇಳುತ್ತದೆ. ಪರದೆಯ ಬಣ್ಣ ಅಳೆಯುವ 0ರಿಂದ 255ರ ಲೆಕ್ಕದಲ್ಲಿ ಕೆಂಪು, ಹಸಿರು, ನೀಲಿ ಮೂರೂ 204 ಇರುವ ಬೂದು ಬಣ್ಣದ ಮೇಲೆ ಬಿಳಿ ಅಕ್ಷರದ ಅನುಪಾತ ಬರೀ 1.6. ಆಂಟಿಗೆ ಮನೆಯ ಹೆಸರು ಕಾಣದೆ ಇದ್ದದ್ದಕ್ಕೆ ಕಾರಣ ಆ ಅಂಕಿ. ಬಿಸಿಲಿನ ಹೊಳಪು ಸೇರಿದರೆ ಅಷ್ಟೂ ಉಳಿಯುವುದಿಲ್ಲ.

ಪರಿಹಾರ ಎರಡಿವೆ. ಫೋಟೋದ ಮೇಲೆ ಕಪ್ಪು ಪರದೆ ಎಳೆಯುವುದು ಒಂದು. ಅಚ್ಚ ಬಿಳಿ ಮಂಜಿನ ಮೇಲೆ ಶೇ 50ರಷ್ಟು ಕಪ್ಪು ಎಳೆದರೆ ಅನುಪಾತ 4ರ ಹತ್ತಿರ ನಿಲ್ಲುತ್ತದೆ, ಸಾಲದು. ಶೇ 60 ಎಳೆದರೆ 5.7 ಆಗಿ ಗಟ್ಟಿಯಾಗುತ್ತದೆ. ಆದರೆ ಅಷ್ಟು ಕಪ್ಪು ಬಳಿದ ಮೇಲೆ ಮಂಜು ಹೊಗೆಯಂತೆ ಕಾಣುತ್ತದೆ. ಅದಕ್ಕಾಗಿಯಾ ಬೆಳಗಿನ ಜಾವ ಎದ್ದು ಬೆಟ್ಟ ಹತ್ತಿ ಫೋಟೋ ತೆಗೆದದ್ದು?

ನನಗೆ ಒಪ್ಪಿದ್ದು ಎರಡನೆಯದು: ಅಕ್ಷರವನ್ನು ಫೋಟೋದ ಮೇಲಿಂದ ಇಳಿಸಿ, ಕೆಳಗೆ ತಿಳಿ ಬಣ್ಣದ ಪಟ್ಟಿಯಲ್ಲಿ ಇಡುವುದು. ಮಂಜು ಮಂಜಾಗಿಯೇ ಉಳಿಯುತ್ತದೆ, ಹೆಸರು ಹೆಸರಾಗಿ ಕಾಣುತ್ತದೆ.

ಇನ್ನು ಯಾವ ಫೋಟೋ ಹಾಕಬೇಕು ಅನ್ನುವ ಮಾತು. ಮೊದಲ ಹಂತದ ಪ್ರಶ್ನೆಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಫೋಟೋವೂ ಅದರಲ್ಲಿನ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆಯೇ ನೋಡಿ. ಮಂಜಿನ ಫೋಟೋ ಒಂದೋ ಎರಡೋ ಸಾಕು; ಮಂಜು ಪಕ್ಕದ ಹೋಂಸ್ಟೇಯಲ್ಲೂ ಇದೆ. ನಿಮ್ಮಲ್ಲಿ ಮಾತ್ರ ಇರುವುದು ನಿಮ್ಮ ರೂಮು, ನಿಮ್ಮ ಬಚ್ಚಲುಮನೆ, ಅಂಗಳಕ್ಕೆ ಹತ್ತುವ ಮೆಟ್ಟಿಲು, ಊಟದ ಮೇಜು. ಬಚ್ಚಲುಮನೆ ಫೋಟೋ ಹಾಕಲು ಎಲ್ಲರಿಗೂ ಮುಜುಗರ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಬರುವವರು ಮೊದಲು ಹುಡುಕುವುದು ಅದನ್ನೇ, ಜೊತೆಗೆ ಮೆಟ್ಟಿಲು ಎಷ್ಟಿವೆ ಅನ್ನುವುದನ್ನು. ಕಡಂಬುಟ್ಟು, ಪಂದಿಕರಿ ತಟ್ಟೆಯ ಫೋಟೋ ಹಾಕುವುದಾದರೆ ಸಂಜೆಯ ಹಳದಿ ಬಲ್ಬಿನಡಿ ತೆಗೆಯಬೇಡಿ. ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಬಿದ್ದ ಪಂದಿಕರಿ ಮೊದಲೇ ಕಡುಗಪ್ಪು, ಬಲ್ಬಿನ ಬೆಳಕಿನಲ್ಲಿ ಅದು ಸೀದುಹೋದಂತೆ ಕಾಣುತ್ತದೆ. ಜಗಲಿಯಲ್ಲಿ ಹಗಲು ಬೆಳಕಿಗೆ ಇಟ್ಟು ತೆಗೆಯಿರಿ.

ಕೊನೆಗೆ ತೂಕ. ಫೋನಿನಲ್ಲಿ ತೆಗೆದ ಫೋಟೋ ಒಂದೊಂದೂ ಸುಲಭವಾಗಿ 4 ಎಂಬಿ ಇರುತ್ತದೆ. ಹತ್ತು ಹಾಕಿದರೆ 40 ಎಂಬಿ. ನೆಟ್ ಸೆಕೆಂಡಿಗೆ 1 ಮೆಗಾಬಿಟ್ ಬರುತ್ತಿದ್ದರೆ ಅಷ್ಟೂ ಇಳಿಯಲು ಐದು ನಿಮಿಷದ ಮೇಲಾಗುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿದರೆ ಹೆಚ್ಚಿನ ಫೋಟೋಗಳು 200 ಕೆಬಿಯೊಳಗೆ ನಿಲ್ಲುತ್ತವೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೆಳಗಿನ ಫೋಟೋಗಳು ಬೆರಳು ಅಲ್ಲಿಗೆ ಬಂದಾಗ ಮಾತ್ರ ಇಳಿಯುವಂತೆ ‘ಲೇಜಿ ಲೋಡಿಂಗ್’ ಹಾಕಿ. ಎಲ್ಲಕ್ಕಿಂತ ಮೇಲಿನ ದೊಡ್ಡ ಫೋಟೋಗೆ ಮಾತ್ರ ಅದನ್ನು ಹಾಕಬೇಡಿ. ಹಾಕಿದರೆ ಮೊದಲು ಕಾಣಬೇಕಾದ್ದೇ ತಡವಾಗಿ ಕಾಣುತ್ತದೆ.

ಹಂತ 4: ಕನ್ನಡದ ಅಕ್ಷರ

ವಿನ್ಯಾಸದ ಪಾಠಗಳೆಲ್ಲ ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಬರೆದವು. ಅವನ್ನು ಹಾಗೇ ಕನ್ನಡಕ್ಕೆ ತಂದರೆ ಎಡವಟ್ಟು. ಇಂಗ್ಲಿಷಿಗೆ ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಸಾಕಾಗುತ್ತದೆ. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. ‘ರಾಷ್ಟ್ರೀಯ ಹೆದ್ದಾರಿ’ ಎಂದು ಬರೆದು ನೋಡಿ: ಟ, ರ ಎರಡರ ಒತ್ತೂ ಕೆಳಗಿನ ಸಾಲಿನ ತಲೆಗೆ ತಾಗುತ್ತವೆ. ನಾನು 1.7 ಇಡುತ್ತೇನೆ, ಅಕ್ಷರದ ಗಾತ್ರ 17 ಅಥವಾ 18 ಪಿಕ್ಸೆಲ್.

ಅಕ್ಷರಗಳ ನಡುವೆ ಜಾಗ ಬಿಡಿಸುವ ಚಾಳಿ ಬೇಡ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅದು ಒಪ್ಪುತ್ತದೆ, ಕನ್ನಡದ ಪದ ಮಾತ್ರ ಹಲ್ಲುದುರಿದ ಬಾಯಿಯಂತೆ ಕಾಣುತ್ತದೆ. ಓರೆ ಅಕ್ಷರವೂ ಬೇಡ. ಕನ್ನಡ ಫಾಂಟುಗಳಲ್ಲಿ ಬಹುಪಾಲಿಗೆ ಓರೆ ರೂಪವೇ ಇಲ್ಲ, ಬ್ರೌಸರು ನೆಟ್ಟಗಿದ್ದದ್ದನ್ನೇ ಬಗ್ಗಿಸಿ ತೋರಿಸುತ್ತದೆ. ಫಾಂಟಿಗೆ ದುಡ್ಡು ಕೊಡಬೇಕಿಲ್ಲ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟಿರೋ ಕನ್ನಡ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ತಲೆಬರಹಕ್ಕೆ ಬಾಲೂ ತಮ್ಮ ಮುದ್ದಾಗಿದೆ. ಅದರಲ್ಲೇ ಇಡೀ ಪುಟ ಬರೆದರೆ ಮಾತ್ರ ಓದುಗರಿಗೆ ಸುಸ್ತು. ತಲೆಬರಹಕ್ಕೆ ಒಂದು, ಒಳಬರಹಕ್ಕೆ ಒಂದು, ಅಷ್ಟಕ್ಕೆ ನಿಲ್ಲಿಸಿ.

ಬಟನ್ನುಗಳ ಅಗಲವನ್ನು ಇಂಗ್ಲಿಷ್ ಪದಕ್ಕೆ ಅಳೆದು ಇಡಬೇಡಿ, ಕನ್ನಡದ ಪದ ಸಾಮಾನ್ಯವಾಗಿ ಉದ್ದ. ‘ಕಾಯ್ದಿರಿಸಿ’ ಎಂದು ಬರೆಯುವವರು ಇದ್ದಾರೆ. ಫೋನಿನಲ್ಲಿ ಯಾರಾದರೂ “ಒಂದು ರೂಮು ಕಾಯ್ದಿರಿಸಿ” ಅಂದದ್ದು ನಾನಂತೂ ಕೇಳಿಲ್ಲ. ‘ಬುಕ್ ಮಾಡಿ’ ಅನ್ನಿ.

ಇನ್ನೊಂದು ಪೀಡೆ. ಮನೆಯ ಹಳೇ ಕರಪತ್ರದ ಬರಹವನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿರುತ್ತಾರೆ. ಯೂನಿಕೋಡ್, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಓದುವ ಅಕ್ಷರಸಂಕೇತ, ಅಲ್ಲದ ಆ ಫಾಂಟಿನ ಬರಹವನ್ನು ಸೈಟಿಗೆ ಅಂಟಿಸಿದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತದೆ. ಕೆಲವರು ಅದಕ್ಕೆ ಅಂಜಿ ಬರಹವನ್ನೇ ಚಿತ್ರವಾಗಿ ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ಗೂಗಲ್ ಅದನ್ನು ಸರಿಯಾಗಿ ಹುಡುಕಿಕೊಡುವುದಿಲ್ಲ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದಿಲ್ಲ, ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ, ಬದಲಿಸಿ. ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ, ಅರ್ಕಾವೊತ್ತು ಎಲ್ಲಾದರೂ ಜಾಗ ತಪ್ಪಿರಬಹುದು.

ಹಂತ 5: ಬಣ್ಣ

ಕೊಡಗು ಅಂದರೆ ಹಸಿರು ಅಂದುಕೊಂಡು ಹಸಿರು ಫೋಟೋದ ಪಕ್ಕ ಹಸಿರು ಪಟ್ಟಿ, ಅದರ ಮೇಲೆ ಹಸಿರು ಬಟನ್ ಇಡುವವರೇ ಹೆಚ್ಚು. ತೋಟದ ಹಸಿರನ್ನು ಫೋಟೋ ತಾನೇ ತರುತ್ತದೆ. ಪುಟಕ್ಕೆ ಸುಣ್ಣದ ಗೋಡೆಯಂಥ ತಿಳಿ ಬಣ್ಣ, ಅಕ್ಷರಕ್ಕೆ ಹುರಿದ ಕಾಫಿಬೀಜದ ಕಂದು ಸಾಕು. ಮೂರನೆಯದು ಹಣ್ಣಾದ ಕಾಫಿಯ ಕೆಂಪು; ಅದನ್ನು ಒತ್ತಬಹುದಾದ ಬಟನ್ನಿಗೆ ಮಾತ್ರ ಮೀಸಲಿಡಿ. ಪುಟದಲ್ಲಿ ಇನ್ನೆಲ್ಲೂ ಕೆಂಪಿಲ್ಲದಿದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ತೋಟದಲ್ಲಿ ಹಣ್ಣು ಕಾಣುವುದೂ ಹಾಗೆಯೇ ಅಲ್ಲವೇ?

ರೂಮು ಖಾಲಿ ಇರುವ ದಿನಕ್ಕೆ ಹಸಿರು, ತುಂಬಿದ ದಿನಕ್ಕೆ ಕೆಂಪು ಚುಕ್ಕೆ ಇಡುವ ಕ್ಯಾಲೆಂಡರಿನಲ್ಲಿ ‘ಖಾಲಿ’, ‘ಫುಲ್’ ಎಂದು ಬರೆಯಿರಿ ಕೂಡ. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರೂ ಇರುತ್ತಾರೆ.

ಹಂತ 6: ಆಟಪಾಟ ಮತ್ತು ವೇಗ

ಉದುರುವ ಎಲೆ, ತಾನಾಗಿ ಓಡುವ ವಿಡಿಯೋ, ಹಕ್ಕಿ ಕೂಗುವ ಸದ್ದು. ಇವನ್ನು ಕೇಳುವ ಮನೆಯವರಿಗೆ ನಾನು ಒಂದೇ ಮಾತು ಹೇಳುವುದು: “ಅಂಕಲ್, ನಿಮ್ಮ ಫೋನಲ್ಲಿ, ತೋಟದ ಆ ಮೂಲೆಯಲ್ಲಿ ನಿಂತು ತೆರೆದು ನೋಡಿ.” ಒಂದೇ ಕಡ್ಡಿ ಸಿಗ್ನಲ್ ಇರುವ ಮೂಲೆ ಪ್ರತಿ ತೋಟದಲ್ಲೂ ಇರುತ್ತದೆ. ಅಲ್ಲಿ ಎಲೆ ಉದುರುವುದೇ ಇಲ್ಲ.

ಗೂಗಲ್‌ನ ಅಳತೆಯಲ್ಲಿ ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ ಬಟನ್ನು 200 ಮಿಲಿಸೆಕೆಂಡಿನೊಳಗೆ ಓಗೊಡಬೇಕು, ಪುಟ ಅತ್ತಿತ್ತ ಜಿಗಿಯುವ ಪ್ರಮಾಣ 0.1 ಮೀರಬಾರದು. ಕೊನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ಕರೆ ಮಾಡಿ’ ಒತ್ತಲು ಬೆರಳು ಇಳಿಸುವಷ್ಟರಲ್ಲಿ ಮೇಲೊಂದು ಫೋಟೋ ಬಂದು ಕೂತು, ಬಟನ್ನು ಕೆಳಗೆ ಜಾರಿ, ಬೆರಳು ಇನ್ನೇನನ್ನೋ ಒತ್ತಿರುತ್ತದೆ. ಪ್ರತಿ ಫೋಟೋದ ಅಗಲ, ಎತ್ತರವನ್ನು ಕೋಡಿನಲ್ಲಿ ಮೊದಲೇ ಬರೆದಿಟ್ಟರೆ ಬ್ರೌಸರು ಜಾಗ ಬಿಟ್ಟುಕೊಂಡು ಕಾಯುತ್ತದೆ. ಎರಡು ನಿಮಿಷದ ಕೆಲಸ. ಇವನ್ನೆಲ್ಲ ಅಳೆಯಲು ಗೂಗಲ್‌ನ ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ ಉಚಿತವಾಗಿ ಸಿಗುತ್ತದೆ.

ವಿಡಿಯೋ ಬೇಕೇ ಬೇಕು ಅನ್ನುವವರು ಒಂದು ಫೋಟೋ ಇಟ್ಟು, ಒತ್ತಿದವರಿಗೆ ಮಾತ್ರ ಓಡುವಂತೆ ಮಾಡಿ.

ಹಂತ 7: ಬರುವ ದಾರಿ

ಸೈಟಿನ ಈ ಪುಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮ್ಯಾಪ್ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಅತಿಥಿ ನಾಪೋಕ್ಲು ದಾಟಿ, ಮಳೆಯಲ್ಲಿ, ಸಿಗ್ನಲ್ ಹೋದ ಮೇಲೆ, ಯಾರದೋ ತೋಟದ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ ಮ್ಯಾಪು ಬರೀ ಬೂದು ಚೌಕ. ಆದ್ದರಿಂದ ದಾರಿಯನ್ನು ಅಕ್ಷರದಲ್ಲಿ ಬರೆಯಿರಿ. ನಾನು ಬರೆದುಕೊಟ್ಟ ಒಂದರ ಮಾದರಿ:

“ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿಗೆ ಬನ್ನಿ, ಸುಮಾರು 120 ಕಿ.ಮೀ. ಪೆಟ್ರೋಲ್ ಮಡಿಕೇರಿಯಲ್ಲೇ ಹಾಕಿಸಿ. ಅಲ್ಲಿಂದ ನಾಪೋಕ್ಲು, ಮುಂದೆ ಕಕ್ಕಬ್ಬೆ ರಸ್ತೆ. ನಾಪೋಕ್ಲುವಿನಲ್ಲಿ ಒಂದು ಫೋನ್ ಮಾಡಿ, ಮುಂದೆ ಸಿಗ್ನಲ್ ಸಿಗದಿರಬಹುದು. ನೀಲಿ ಬಣ್ಣದ ಬಸ್ ತಂಗುದಾಣ ಕಂಡ ಮೇಲೆ ಎಡಕ್ಕೆ ಮಣ್ಣುದಾರಿ. ಮೊದಲ ಗೇಟು ನಮ್ಮದಲ್ಲ, ಎರಡನೆಯದು ನಮ್ಮದು. ತಗ್ಗಿನ ಕಾರಾದರೆ ಗೇಟಿನಲ್ಲೇ ನಿಲ್ಲಿಸಿ, ಜೀಪು ಕಳಿಸುತ್ತೇವೆ.”

ಇದನ್ನು ವಾಟ್ಸಾಪಿಗೆ ಒಂದೇ ಒತ್ತಿನಲ್ಲಿ ಕಳಿಸಿಕೊಳ್ಳುವ ಬಟನ್ ಇಡಿ, ಹೊರಡುವ ಮೊದಲೇ ಫೋನಿನಲ್ಲಿ ಕೂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಪುಟದ ತಲೆಯಲ್ಲಿ ರಸ್ತೆಯ ಸ್ಥಿತಿ ಹೇಳುವ ಒಂದು ಸಾಲು ಇರಲಿ, ತಾರೀಖು ಸಮೇತ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದಾಗ ಮಂಗಳೂರು ಕಡೆಯವರಿಗೆ ಬೇಕಾಗಿದ್ದದ್ದು ಹೂವಿನ ಅಂಚಿನ ಪುಟವಲ್ಲ, ಆ ಒಂದು ಸಾಲು. ಮನೆಯವರೇ ಫೋನಿನಿಂದ ಬದಲಿಸಬಹುದಾದಂತೆ ಅದನ್ನು ಮಾಡಿಕೊಡಿ. ಪ್ರತಿ ಸಲ ನಿಮ್ಮನ್ನು ಕೇಳಬೇಕಾದರೆ ಜುಲೈ ಮೊದಲ ವಾರಕ್ಕೇ ನಿಂತುಹೋಗುತ್ತದೆ.

ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆಯೂ ಎಲ್ಲಾದರೂ ಕಾಣುವಂತಿರಲಿ.

ಹಂತ 8: ಐದು ಜನರ ಕೈಗೆ ಕೊಡಿ

ಐದೇ ಜನ ಸಾಕು ಎಂದು ಬಳಕೆಯ ಸಲೀಸುತನದ ತಜ್ಞ ಯಾಕಬ್ ನೀಲ್ಸನ್ 2000ದಲ್ಲಿ ಬರೆದಿದ್ದರು, ನನ್ನ ಅನುಭವವೂ ಅದೇ. ಐದನೆಯವರ ಹೊತ್ತಿಗೆ, ಮೊದಲಿನವರು ಎಡವಿದ ಕಲ್ಲಿಗೇ ಮತ್ತೆ ಎಡವುತ್ತಾರೆ. ಕಂಪ್ಯೂಟರ್ ಬಲ್ಲ ಗೆಳೆಯರನ್ನು ಬಿಡಿ. ಗೋಣಿಕೊಪ್ಪದ ಸಂತೆಗೆ ಬಂದ ನೆಂಟರು, ಮೈಸೂರಿನ ಚಿಕ್ಕಮ್ಮ, ಪಕ್ಕದ ಅಂಗಡಿಯ ಹುಡುಗ ಇಂಥವರು ಬೇಕು. ಅವರದೇ ಫೋನು, ಒಂದು ಕೆಲಸ: “ಶನಿವಾರ ರಾತ್ರಿ ನಾಲ್ಕು ಜನಕ್ಕೆ ಎಷ್ಟಾಗುತ್ತೆ, ನೋಡಿ ಹೇಳಿ.” ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಈ ಗೈಡಿನಲ್ಲಿ ಎಲ್ಲಕ್ಕಿಂತ ಕಷ್ಟದ ಸೂಚನೆ ಇದೇ. “ಅಲ್ಲಲ್ಲ, ಕೆಳಗೆ ಒತ್ತಿ” ಎಂದು ನಾಲಿಗೆ ತುದಿಗೆ ಬರುತ್ತದೆ. ಹೇಳಿದಿರೋ, ಪರೀಕ್ಷೆ ಕೆಟ್ಟಿತು.

ಮುಗಿದ ಮೇಲೆ ಅವರು ಹೇಳುವ ಹೊಗಳಿಕೆಯನ್ನು ಬರೆದುಕೊಳ್ಳಬೇಡಿ. 1995ರಲ್ಲಿ ಜಪಾನಿನ ಹಿಟಾಚಿ ಡಿಸೈನ್ ಸೆಂಟರಿನಲ್ಲಿ ಮಸಾಕಿ ಕುರೋಸು, ಕಾವೋರಿ ಕಾಶಿಮುರಾ ಎಂಬಿಬ್ಬರು ಎಟಿಎಂ ಪರದೆಯ 26 ವಿನ್ಯಾಸಗಳನ್ನು 252 ಜನರಿಗೆ ತೋರಿಸಿದರು. ಜನ ಯಾವುದನ್ನು ಚಂದ ಎಂದರೋ ಅದನ್ನೇ ಬಳಸಲೂ ಸುಲಭ ಎಂದುಕೊಂಡರು. ನಿಜವಾದ ಸಲೀಸುತನಕ್ಕೂ ಅವರ ಅಂದಾಜಿಗೂ ನಂಟು ಅಷ್ಟು ಗಟ್ಟಿಯಿರಲಿಲ್ಲ. ನಮ್ಮಲ್ಲೂ ಅಷ್ಟೇ. ಒಬ್ಬ ಚಿಕ್ಕಮ್ಮ ನಾಲ್ಕು ನಿಮಿಷ ತಡಕಾಡಿ, ರೇಟು ಸಿಗದೆ, ಫೋನ್ ವಾಪಸು ಕೊಡುತ್ತ “ತುಂಬಾ ಚೆನ್ನಾಗಿದೆಯಪ್ಪ, ನಂಗೇ ಗೊತ್ತಾಗಲ್ಲ ಇದೆಲ್ಲ” ಅಂದರು. ಚಂದದ ಸೈಟಿನಲ್ಲಿ ದಾರಿ ತಪ್ಪಿದವರು ಬೈಯುವುದು ತಮ್ಮನ್ನೇ. ಎಷ್ಟು ಜನ ಉತ್ತರ ಹುಡುಕಿದರು, ಎಷ್ಟು ಸೆಕೆಂಡಿನಲ್ಲಿ, ಮೊದಲು ಎಲ್ಲಿ ಒತ್ತಿದರು, ಇಷ್ಟನ್ನೇ ಬರೆದುಕೊಳ್ಳಿ. ಆ ಚಿಕ್ಕಮ್ಮ ಮೊದಲು ಒತ್ತಿದ್ದು ರೂಮಿನ ಫೋಟೋವನ್ನು, ಮೂರು ಸಲ. ನಾನು ಅದಕ್ಕೆ ಲಿಂಕೇ ಕೊಟ್ಟಿರಲಿಲ್ಲ. ಈಗ ಯಾವ ರೂಮಿನ ಫೋಟೋ ಒತ್ತಿದರೂ ಆ ರೂಮಿನ ದರ ತೆರೆಯುತ್ತದೆ.

ಕಕ್ಕಬ್ಬೆಯ ಸೈಟನ್ನೂ ಇದೇ ಕ್ರಮದಲ್ಲಿ ಮತ್ತೆ ಮಾಡಿಕೊಟ್ಟೆ, ದುಡ್ಡು ಕೇಳಲಿಲ್ಲ. ಮಂಜಿನ ಫೋಟೋ ಹಾಗೇ ಇದೆ, ಅದರ ಕೆಳಗೆ ಕಂದು ಅಕ್ಷರದಲ್ಲಿ ಮನೆಯ ಹೆಸರು, ಪಕ್ಕದಲ್ಲೇ ಒಬ್ಬರಿಗೆ ಎಷ್ಟು ಅನ್ನುವುದು. ಆಂಟಿ ಮತ್ತೆ ಕಣದಲ್ಲಿ ನಿಂತು ನೋಡಿ ಫೋನ್ ಮಾಡಿದರು. ಹೆಸರು ಕಾಣುತ್ತದಂತೆ. “ರೇಟ್ ಕೇಳೋದು ನಿಂತಿದೆ ಮಗ, ಈಗ ಎಲ್ರೂ ಜಿಗಣೆ ಬಗ್ಗೆನೇ ಕೇಳ್ತಾರೆ. ಅದಕ್ಕೂ ಒಂದು ಪುಟ ಮಾಡ್ತೀಯಾ?”